ಕೆರೆಯ ಮಣ್ಣು, ಕಾಯಿದೆ ಮತ್ತು ಗುತ್ತಿಗೆ: ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ನೆಲಜಲ ದುರಸ್ತಿಯ ಚರಿತ್ರೆ

ಕರ್ನಾಟಕದ ಕೆರೆಕಟ್ಟೆಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಅವುಗಳನ್ನು ಕಟ್ಟಿಸಿದವರ ಹೆಸರುಗಳನ್ನು ಹೇಳುತ್ತಾರೆ. ಮಣ್ಣು ಹೊತ್ತು ಕಟ್ಟಿದವರ ವಿಷಯವಾಗಿ ಹೇಳುವುದು ಕಡಿಮೆ. ಕಟ್ಟಿದ್ದನ್ನು ವರ್ಷವರ್ಷವೂ ಕಾಯ್ದುಕೊಂಡು ಬಂದವರ ವಿಷಯವಾಗಿ ಹೇಳುವುದು ಅದಕ್ಕಿಂತಲೂ ಕಡಿಮೆ. ಶಾಸನಗಳು ದಾನಿಯನ್ನು ಹೊಗಳುತ್ತವೆ, ಸರಕಾರದ ವರದಿಗಳು ವೆಚ್ಚವನ್ನು ತಿಳಿಸುತ್ತವೆ. ಇವೆರಡರ ನಡುವೆ ಕೆಲಸಗಾರನೂ ಕೆಲಸವನ್ನು ಹಿಡಿದವನೂ ಮರೆಯಾಗುತ್ತಾರೆ. ಈ ಲೇಖನದಲ್ಲಿ ಇಂದಿನ ಹಾವೇರಿ ಜಿಲ್ಲೆಗೆ ಸೇರಿದ ಹಾನಗಲ್ಲು, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಸೀಮೆಗಳನ್ನು ಆಧಾರವಾಗಿಟ್ಟುಕೊಂಡು, ನೆಲಜಲಗಳ ದುರಸ್ತಿಯ ಕೆಲಸ ಯಾರ ಕೈಗೆ ಬಂದಿತು, ಯಾವ ಕರಾರಿನ ಮೇಲೆ ಬಂದಿತು, ಆ ಕರಾರನ್ನು ಆಯಾ ಕಾಲದ ರಾಜ್ಯನೀತಿ ಹೇಗೆ ರೂಪಿಸಿತು ಎಂಬುದನ್ನು ಪರಿಶೀಲಿಸಲಾಗಿದೆ. ಈ ಪರಿಶೀಲನೆಯಿಂದ ಹೊರಡುವ ಮುಖ್ಯ ಮಾತು ಒಂದೇ. ರಾಜ್ಯವು ಯಾವುದನ್ನು ಅಳೆದು ಹಣ ಕೊಡುತ್ತದೆಯೋ ಆ ಕೆಲಸ ನಡೆಯುತ್ತದೆ. ಯಾವುದನ್ನು ಅಳೆಯುವುದಿಲ್ಲವೋ ಅದು ಎಷ್ಟೇ ಅವಶ್ಯವಾಗಿದ್ದರೂ ನಿಂತುಹೋಗುತ್ತದೆ.

೧. ಸೀಮೆಯ ಸ್ವರೂಪ

ಈ ನಾಲ್ಕು ಸೀಮೆಗಳು ಮಲೆನಾಡಿನ ಸೆರಗಿನಿಂದ ಬಯಲುಸೀಮೆಯ ಕಡೆಗೆ ಇಳಿಯುವ ನೆಲದಲ್ಲಿವೆ. ಪಡುವಣ ಹಾನಗಲ್ಲಿನಲ್ಲಿ ಮಳೆ ಹೆಚ್ಚು, ಭತ್ತದ ಗದ್ದೆಗಳು ಹೆಚ್ಚು. ಮೂಡಲಿಗೆ ಸಾಗಿದಂತೆ ಮಳೆ ತಗ್ಗಿ, ಶಿಗ್ಗಾಂವಿಯ ಮೂಡಲ ಭಾಗದಲ್ಲಿಯೂ ಸವಣೂರಿನಲ್ಲಿಯೂ ಎರೆಯ ಹೊಲಗಳು ಕಾಣತೊಡಗುತ್ತವೆ. ತೆಂಕಣ ಹಿರೇಕೆರೂರಿನಲ್ಲಿ ಕೆಮ್ಮಣ್ಣಿನ ನೆಲವೂ ಸಣ್ಣ ಗುಡ್ಡಗಳ ಸಾಲುಗಳೂ ಇವೆ. ವರದಾ ನದಿಯು ಹಾನಗಲ್ಲು, ಸವಣೂರು ಸೀಮೆಗಳನ್ನು ತೊಯಿಸಿ ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡುತ್ತದೆ. ಧರ್ಮಾ ನದಿ ಹಾನಗಲ್ಲಿನ ನೆಲದಲ್ಲಿ ವರದೆಗೆ ಸೇರುತ್ತದೆ. ಕುಮುದ್ವತಿಯು ಶಿಕಾರಿಪುರದ ಕಡೆಯಿಂದ ಬಂದು ಮಾಸೂರು, ರಟ್ಟಿಹಳ್ಳಿಗಳ ಮೂಲಕ ತುಂಗಭದ್ರೆಯತ್ತ ಹರಿಯುತ್ತದೆ.

ಇಂತಹ ಇಳಿಜಾರಿನ ನೆಲದಲ್ಲಿ ಹಳ್ಳಕ್ಕೆ ಏರಿ ಹಾಕಿ ನೀರು ನಿಲ್ಲಿಸುವುದು ಸಹಜ. ಊರಿನ ಹೆಸರೇ ಇದಕ್ಕೆ ಸಾಕ್ಷಿ: ಹಿರೇಕೆರೂರು ಎಂದರೆ ಹಿರಿಯ ಕೆರೆಯ ಊರು. ಹಾನಗಲ್ಲಿನ ಆನೆಕೆರೆ ಕದಂಬರ ಕಾಲದ ಯುದ್ಧದ ವೃತ್ತಾಂತದಲ್ಲಿಯೇ ಬರುತ್ತದೆ; ಕ್ರಿ. ಶ. ೧೧೯೬ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಹಾನಗಲ್ಲನ್ನು ಮುತ್ತಿದಾಗ ಆ ಕೆರೆಯ ಬಳಿಯಲ್ಲಿ ಬೀಡುಬಿಟ್ಟಿದ್ದನೆಂದು ವೀರಗಲ್ಲಿನಿಂದ ತಿಳಿದುಬರುತ್ತದೆ. ಸವಣೂರಿನಲ್ಲಿ ನವಾಬರ ಪಟ್ಟಣದ ಅಂಗವಾಗಿ ಮೋತಿ ತಲಾಬವಿದೆ. ಮಾಸೂರಿನ ಬಳಿ ಕುಮುದ್ವತಿಯನ್ನು ಗುಡ್ಡಗಳ ನಡುವಣ ಕಣಿವೆಯಲ್ಲಿ ಅಡ್ಡಗಟ್ಟಿ ನಿರ್ಮಿಸಿದ ಮದಗದ ಕೆರೆಯು ವಿಜಯನಗರ ಕಾಲದ್ದೆಂದು ಪ್ರಸಿದ್ಧವಾಗಿದೆ. ಅದರ ಹಳೆಯ ಏರಿ ಒಡೆದುಹೋಗಿ, ಮೂಲ ವಿಸ್ತಾರದ ಒಂದು ಅಂಶ ಮಾತ್ರ ಹತ್ತೊಂಬತ್ತನೆಯ ಶತಮಾನದಲ್ಲಿ ಮತ್ತೆ ಬಳಕೆಗೆ ಬಂದಿತು. ಕಟ್ಟುವುದು ಒಂದು ಕೆಲಸ, ಉಳಿಸಿಕೊಳ್ಳುವುದು ಇನ್ನೊಂದು ಕೆಲಸ ಎಂಬುದಕ್ಕೆ ಈ ಸೀಮೆಯಲ್ಲಿ ಮದಗಕ್ಕಿಂತ ದೊಡ್ಡ ದೃಷ್ಟಾಂತವಿಲ್ಲ.

ಆಡಳಿತದ ವಿಷಯವನ್ನೂ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಬ್ರಿಟಿಷರ ಕಾಲದಲ್ಲಿ ಹಿರೇಕೆರೂರು ಸೀಮೆಯು ಕೋಡ ತಾಲೂಕೆಂದೂ ಶಿಗ್ಗಾಂವಿ ಸೀಮೆಯು ಬಂಕಾಪುರ ತಾಲೂಕೆಂದೂ ಹೆಸರಾಗಿ, ಹಾನಗಲ್ಲಿನೊಡನೆ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. ಸವಣೂರು ಮಾತ್ರ ನವಾಬರ ಸಂಸ್ಥಾನವಾಗಿದ್ದು, ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರ ನವೆಂಬರ್ ೧ರಂದು ಇವೆಲ್ಲವೂ ಧಾರವಾಡ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದವು. ೧೯೯೭ರಲ್ಲಿ ಹಾವೇರಿ ಜಿಲ್ಲೆಯಾಯಿತು. ಆದುದರಿಂದ ನೆಲ ಒಂದೇ ಆದರೂ ಅದರ ಮೇಲೆ ಬಂದುಹೋದ ಕಾಯಿದೆಗಳು ಹಲವು.

೨. ದತ್ತಿಯ ಕರಾರು

ಪ್ರಾಚೀನ ಶಾಸನಗಳಲ್ಲಿ ಕೆರೆಗೆ ಸಂಬಂಧಿಸಿದ ದತ್ತಿಗಳು ಎರಡು ಬಗೆಯಾಗಿ ಕಂಡುಬರುತ್ತವೆ. ಕೆರೆಯನ್ನು ಕಟ್ಟಿದವನಿಗೆ ಅದರ ಕೆಳಗಿನ ನೆಲದಲ್ಲಿ ಒಂದು ಭಾಗವನ್ನು ಬಿಟ್ಟುಕೊಡುವುದು ಒಂದು ಬಗೆ. ಕಟ್ಟುಕೊಡಗೆ, ದಶವಂದ ಎಂಬ ಪದಗಳು ಈ ಅರ್ಥದಲ್ಲಿ ಬಳಕೆಯಾಗಿವೆ. ಕೆರೆಯ ರಕ್ಷಣೆಗಾಗಿ, ಅಂದರೆ ಹೂಳು ತೆಗೆಯುವುದಕ್ಕೆ, ಏರಿಗೆ ಮಣ್ಣು ಹಾಕುವುದಕ್ಕೆ, ತೂಬನ್ನು ನೋಡಿಕೊಳ್ಳುವುದಕ್ಕೆ ನೆಲವನ್ನಾಗಲಿ ಆದಾಯವನ್ನಾಗಲಿ ಮೀಸಲಿಡುವುದು ಇನ್ನೊಂದು ಬಗೆ. ಬಿತ್ತುವಟ್ಟವೆಂಬ ಹೆಸರು ಇಂತಹ ದತ್ತಿಗಳಿಗೆ ಸಲ್ಲುತ್ತಿತ್ತು. ಕೆರೆಯಿಂದ ಹೂಳನ್ನು ಹೊರಕ್ಕೆ ಸಾಗಿಸುವ ಬಂಡಿಗಳಿಗಾಗಿಯೇ ದತ್ತಿ ಬಿಟ್ಟ ಉದಾಹರಣೆಗಳೂ ಉಂಟು.

ಈ ಕರಾರಿನ ಮರ್ಮವನ್ನು ಗಮನಿಸಬೇಕು. ದತ್ತಿಯನ್ನು ಪಡೆದವನ ಗದ್ದೆಗೆ ನೀರು ಬರುವುದು ಅದೇ ಕೆರೆಯಿಂದ. ಏರಿ ಒಡೆದರೆ ಅವನ ಸಂಬಳವೇ ಒಣಗಿತು. ಎಷ್ಟು ಮಣ್ಣು ತೆಗೆದನೆಂದು ಅಳೆಯುವ ಅಗತ್ಯ ಇರಲಿಲ್ಲ. ಕೆರೆಯಲ್ಲಿ ನೀರು ನಿಂತಿದೆಯೆ ಎಂಬುದೇ ಅಳತೆ. ಇಂದಿನ ಮಾತಿನಲ್ಲಿ ಹೇಳುವುದಾದರೆ, ಕೆಲಸಕ್ಕೆ ಬದಲಾಗಿ ಫಲಕ್ಕೆ ಕೂಲಿ ಗೊತ್ತಾಗಿತ್ತು.

ಆದರೆ ಇದನ್ನು ಕೇವಲ ಸುವರ್ಣಯುಗವೆಂದು ಭಾವಿಸುವುದು ಸರಿಯಲ್ಲ. ದತ್ತಿ ಸಲ್ಲುತ್ತಿದ್ದದ್ದು ಮಹಾಜನರಿಗೆ, ದೇವಾಲಯಗಳಿಗೆ, ಗೌಡರಿಗೆ. ಬುಟ್ಟಿ ಹೊತ್ತವರಿಗೆ ಸಲ್ಲುತ್ತಿದ್ದದ್ದು ದಿನದ ಕಾಳು. ಕಡಪ ಜಿಲ್ಲೆಯ ಪೋರುಮಾಮಿಳ್ಳದಲ್ಲಿ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯ ೧೩೬೯ರ ಶಾಸನವು ಈ ದೃಷ್ಟಿಯಿಂದ ಅಮೂಲ್ಯವಾದುದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ ಕೆರೆಗೆ ಬರುವ ಆರು ದೋಷಗಳನ್ನೂ ಅದು ಎಣಿಸುತ್ತದೆ. ಪ್ರತಿನಿತ್ಯವೂ ಸಾವಿರ ಜನ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದರೆಂದು ಹೇಳುತ್ತದೆ. ಕೆಲಸಗಾರರ ಸಂಖ್ಯೆಯನ್ನು ಹೇಳುವ ಶಾಸನಗಳು ವಿರಳ. ಅಲ್ಲಿಯೂ ಸಂಖ್ಯೆ ಇದೆಯೇ ಹೊರತು ಹೆಸರಿಲ್ಲ.

ಆ ಹೆಸರಿಲ್ಲದವರಲ್ಲಿ ಒಡ್ಡರು ಮುಖ್ಯರು. ಈ ಹೆಸರನ್ನು ಓಡ್ರದೇಶಕ್ಕೆ ಸಂಬಂಧಿಸುವವರೂ ಇದ್ದಾರೆ, ನೀರಿಗೆ ಹಾಕುವ ಒಡ್ಡಿಗೆ ಸಂಬಂಧಿಸುವವರೂ ಇದ್ದಾರೆ. ಕಲ್ಲೊಡ್ಡರು, ಮಣ್ಣೊಡ್ಡರು, ಬಂಡಿಯೊಡ್ಡರು ಎಂಬ ವಿಭಾಗಗಳು ಕೆಲಸದ ಭೇದವನ್ನೇ ಸೂಚಿಸುತ್ತವೆ. ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ ಸಿದ್ಧರಾಮನನ್ನು ಈ ಸಮುದಾಯವು ಗುರುವಾಗಿ ಪೂಜಿಸುತ್ತದೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುವು ಆತನನ್ನು ಒಡ್ಡನೆಂದೇ ಕರೆದ ಪ್ರಸಂಗ ಸುಪರಿಚಿತ. ಅನುಭಾವದ ಚರ್ಚೆಯಲ್ಲಿ ಕೆರೆ ತೋಡುವವನ ಹೆಸರು ಹೀಗೆ ಬಂದಿತಾದರೂ ಲೆಕ್ಕದ ಕಡತಕ್ಕೆ ಅದು ಬಂದದ್ದು ಬಹುಕಾಲದ ಮೇಲೆ.

೩. ಬ್ರಾಸಿನ ಅಳತೆ

೧೮೧೮ರಲ್ಲಿ ಪೇಶ್ವೆಯರ ಆಳಿಕೆ ಮುಗಿದು ಧಾರವಾಡ ಪ್ರಾಂತವು ಕಂಪನಿಯ ಕೈಸೇರಿತು. ೧೮೪೦ರ ದಶಕದಲ್ಲಿ ವಿಂಗೇಟನ ನೇತೃತ್ವದಲ್ಲಿ ಇಲ್ಲಿ ಭೂಮಾಪನ ನಡೆದು, ಪ್ರತಿ ಹೊಲಕ್ಕೂ ಕಂದಾಯ ಗೊತ್ತಾಯಿತು. ನೀರಾವರಿಯ ಗದ್ದೆಗೂ ತೋಟಕ್ಕೂ ಖುಷ್ಕಿಗಿಂತ ಹೆಚ್ಚಿನ ದರ ಬಿದ್ದಿತು. ೧೮೫೨ರ ಕಾಯಿದೆಯ ಪ್ರಕಾರ ನಡೆದ ಇನಾಂ ಕಮಿಷನ್ನು ದಕ್ಷಿಣ ಮರಾಠ ಪ್ರದೇಶದ ಇನಾಮುಗಳ ಹಕ್ಕುಪತ್ರಗಳನ್ನು ಕೆದಕಿ ನೋಡಿ ಹಲವನ್ನು ಕಂದಾಯಕ್ಕೆ ಒಳಪಡಿಸಿತು. ಈ ಎರಡು ಕ್ರಮಗಳು ಕೆರೆಯ ವಿಷಯವಾಗಿ ಹೊರಟವುಗಳಲ್ಲ. ಆದರೂ ಅವುಗಳ ಪರಿಣಾಮವು ಕೆರೆಯ ಮೇಲೆ ಆಯಿತು. ನೀರಿನ ಆದಾಯವು ಸರಕಾರಕ್ಕೆ ಹೋಗತೊಡಗಿತು. ನೀರಿನ ಕಾವಲಿನ ಹೊಣೆಯೂ ಹಾಗೆಯೇ ಸರಕಾರಕ್ಕೆ ಹೋದಂತಾಯಿತು. ಊರಿನವನು ತಾನು ಕೊಡುವ ಹೆಚ್ಚಿನ ದರದಲ್ಲಿ ದುರಸ್ತಿಯೂ ಸೇರಿದೆಯೆಂದು ತಿಳಿದದ್ದು ತಪ್ಪೆನ್ನಲಾಗದು.

ಸರಕಾರವು ಈ ಹೊಣೆಯನ್ನು ಲೋಕೋಪಯೋಗಿ ಇಲಾಖೆಯ ಮೂಲಕ ನೆರವೇರಿಸಿತು. ಇಲಾಖೆಯ ಕೆಲಸಕ್ಕೆ ಅಂದಾಜುಪಟ್ಟಿ ಬೇಕು, ಮಂಜೂರಾತಿ ಬೇಕು, ಅಳತೆ ಪುಸ್ತಕ ಬೇಕು. ಹೀಗೆ ಗುತ್ತಿಗೆದಾರನೆಂಬ ಹೊಸ ಪಾತ್ರ ಈ ಸೀಮೆಯಲ್ಲಿ ತಲೆಯೆತ್ತಿತು. ಅವನ ಕೆಳಗೆ ಮುಕಾದಮ ಅಥವಾ ಮೇಸ್ತ್ರಿ, ಅವನ ಕೆಳಗೆ ಒಡ್ಡರ ತಂಡ. ಮಣ್ಣಿನ ಕೆಲಸದ ಮಾನವು ಬ್ರಾಸು. ನೂರು ಘನ ಅಡಿಗಳಿಗೆ ಒಂದು ಬ್ರಾಸು. ಹತ್ತಡಿ ಉದ್ದ, ಹತ್ತಡಿ ಅಗಲ, ಒಂದಡಿ ಆಳದ ಗುಂಡಿಯನ್ನು ತೋಡಿದರೆ ಒಂದು ಬ್ರಾಸು ಮಣ್ಣು ಹೊರಬಂದಂತೆ. ಮೂಲ ನೆಲದ ಮಟ್ಟವನ್ನು ತೋರಿಸುವುದಕ್ಕಾಗಿ ಗುಂಡಿಯ ನಡುವೆ ಮಣ್ಣಿನ ಸಣ್ಣ ದಿಬ್ಬವೊಂದನ್ನು ತೋಡದೆ ಬಿಡುವುದು ರೂಢಿ. ಅಳೆಯುವವನು ಬಂದು ನೋಡುವವರೆಗೆ ಅದು ಸಾಕ್ಷಿಯಾಗಿ ನಿಂತಿರಬೇಕು. ಮಣ್ಣನ್ನು ಎಷ್ಟು ದೂರ ಹೊತ್ತರು, ಎಷ್ಟು ಎತ್ತರಕ್ಕೆ ಏರಿಸಿದರು, ಮಣ್ಣು ಮೆದುವೋ ಗಟ್ಟಿಯೋ ಎಂಬುದರ ಮೇಲೆ ದರ ಏರಿಳಿಯುತ್ತದೆ.

ಈ ಪದ್ಧತಿಯಲ್ಲಿ ನ್ಯಾಯದ ಒಂದು ಅಂಶವಿಲ್ಲದೆ ಇಲ್ಲ. ಶಾಸನದಲ್ಲಿ ಕೇವಲ ಸಂಖ್ಯೆಯಾಗಿದ್ದ ಕೆಲಸಗಾರನ ದುಡಿಮೆ ಇಲ್ಲಿ ಘನ ಅಡಿಗಳಲ್ಲಿ ದಾಖಲಾಯಿತು. ಚುರುಕಾದ ತಂಡಕ್ಕೆ ಚುರುಕಾದ ಗಳಿಕೆ ಉಂಟಾಯಿತು. ಆದರೆ ತೋಡಿದ ಗುಂಡಿಯನ್ನು ಅಳೆಯಬಹುದೇ ಹೊರತು ಸೋರದೆ ನಿಂತ ಏರಿಯನ್ನು ಬ್ರಾಸಿನಲ್ಲಿ ಅಳೆಯಲಾಗದು. ಏರಿಯ ಮೇಲೆ ಬೆಳೆದ ಗಿಡದ ಬೇರನ್ನು ಕೀಳುವುದು, ಇಲಿ ಹೆಗ್ಗಣಗಳ ಬಿಲವನ್ನು ಮುಚ್ಚುವುದು, ಮಳೆಗಾಲದ ಮುನ್ನ ಕೋಡಿಯನ್ನು ಬಿಡಿಸುವುದು, ತೂಬಿನ ಬಾಯಿಯ ಕೆಸರನ್ನು ತೆಗೆಯುವುದು, ಇವೆಲ್ಲ ಒಂದೊಂದೂ ಒಂದು ಬ್ರಾಸಿಗಿಂತ ಕಡಿಮೆಯ ಕೆಲಸಗಳು. ಕೆರೆಯ ಆಯುಷ್ಯ ನಿಂತಿರುವುದು ಇವುಗಳ ಮೇಲೆಯೇ. ಇಂತಹ ಸಣ್ಣ ಕೆಲಸಕ್ಕೆ ಅಂದಾಜುಪಟ್ಟಿ ಮಾಡುವವರಿಲ್ಲವಾದುದರಿಂದ ಅದನ್ನು ಹಿಡಿಯುವ ಗುತ್ತಿಗೆದಾರನೂ ಇಲ್ಲವಾದನು.

೧೮೭೯ರ ಮುಂಬಯಿ ನೀರಾವರಿ ಕಾಯಿದೆಯು ಮುಖ್ಯವಾಗಿ ದೊಡ್ಡ ಕಾಲುವೆಗಳನ್ನು ಮನಸ್ಸಿನಲ್ಲಿಟ್ಟು ರಚಿತವಾದುದು. ಅಪಾಯ ಒದಗಿದಾಗ ಸಮೀಪದ ಊರುಗಳ ಶಕ್ತರಾದ ಜನರಿಂದ ಕೆಲಸ ಮಾಡಿಸಿಕೊಳ್ಳುವ ಅಧಿಕಾರವನ್ನು ಅದು ಅಧಿಕಾರಿಗಳಿಗೆ ಕೊಟ್ಟಿತು. ಇದರಿಂದ ಆ ಕಾಲದ ನೀತಿಯ ದೃಷ್ಟಿ ಸ್ಪಷ್ಟವಾಗುತ್ತದೆ. ಏರಿ ಒಡೆಯುವ ಹೊತ್ತಿಗೆ ಜನರನ್ನು ಕರೆಯುವ ಉಪಾಯ ಕಾಯಿದೆಯಲ್ಲಿತ್ತು. ಒಡೆಯದಂತೆ ನೋಡಿಕೊಳ್ಳುವವನಿಗೆ ಸಂಬಳ ಕೊಡುವ ಉಪಾಯ ಅದರಲ್ಲಿರಲಿಲ್ಲ.

೪. ಬರಗಾಲದ ಕೆಲಸ

೧೮೭೬ರಲ್ಲಿ ಮಳೆ ಕೈಕೊಟ್ಟು ದಕ್ಷಿಣ ಭಾರತದಲ್ಲಿ ದೊಡ್ಡ ಕ್ಷಾಮ ತಲೆದೋರಿತು. ಪರಿಹಾರದ ಕೆಲಸಗಳೆಂದರೆ ಬಹುಮಟ್ಟಿಗೆ ಮಣ್ಣಿನ ಕೆಲಸಗಳೇ: ರಸ್ತೆ, ಕೆರೆ, ಕಾಲುವೆ. ಮುಂಬಯಿ ಇಲಾಖೆಯಲ್ಲಿ ಶಕ್ತರಾದವರನ್ನು ಲೋಕೋಪಯೋಗಿ ಇಲಾಖೆಯ ಕೆಲಸಗಳಿಗೆ ಕಳುಹಿಸಿ, ಸಾಮಾನ್ಯ ಕೆಲಸದ ಮುಕ್ಕಾಲು ಪಾಲನ್ನು ಮಾಡಬೇಕೆಂದು ವಿಧಿಸಲಾಯಿತು. ಅಶಕ್ತರಿಗೆ ಕಂದಾಯದ ಅಧಿಕಾರಿಗಳು ನಡೆಸುವ ಕೆಲಸಗಳಲ್ಲಿ ಅರ್ಧ ಪಾಲು. ೧೮೭೭ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲನ ಸಲಹೆಯಂತೆ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅದರ ಮೇಲೆ ಸ್ವಲ್ಪ ಕಾಸು ಎಂಬಷ್ಟಕ್ಕೆ ಇಳಿಸಿದಾಗ, ಮುಂಬಯಿ ಇಲಾಖೆಯ ಬರಪೀಡಿತ ಜಿಲ್ಲೆಗಳಲ್ಲಿ ಸಾವಿರಾರು ಜನರು ಕೆಲಸವನ್ನು ಬಿಟ್ಟು ಹೊರನಡೆದರು. ೧೮೮೦ರ ಕ್ಷಾಮ ಆಯೋಗದ ವರದಿಯ ತರುವಾಯ ಕ್ಷಾಮ ಸಂಹಿತೆಗಳು ಸಿದ್ಧವಾಗಿ, ಮುಂದೆ ಬರುವ ಬರಗಾಲಕ್ಕೆ ಕೆಲಸಗಳ ಪಟ್ಟಿಯನ್ನು ಮೊದಲೇ ತಯಾರಿಸಿಡುವ ಕ್ರಮ ಬಂದಿತು.

ಈ ಕ್ರಮದ ಛಾಯೆಯನ್ನು ಇಂದಿನವರೆಗೂ ಕಾಣಬಹುದು. ಕೆರೆಯ ಹೂಳೆತ್ತುವುದು ಬರಗಾಲದ ಕೂಲಿಗೆ ಒಂದು ನೆಪ ಎಂಬ ಭಾವನೆ ಅಂದು ಬೇರೂರಿತು. ನೆಪದ ಕೆಲಸಕ್ಕೆ ಕೌಶಲ ಬೇಕೆಂದು ಯಾರೂ ಎಣಿಸುವುದಿಲ್ಲ. ಹಸಿದವನ ಕೈಗೆ ಸಲಿಕೆ ಕೊಡುವುದು ಧರ್ಮವೇ ಸರಿ. ಆದರೆ ಏರಿಯ ಇಳಿಜಾರನ್ನು ಕಣ್ಣಳತೆಯಿಂದ ತಿದ್ದಬಲ್ಲ ಒಡ್ಡನೂ, ಆ ವರ್ಷ ಮೊದಲ ಸಲ ಸಲಿಕೆ ಹಿಡಿದ ಬಡಗಿಯೂ ನೇಕಾರನೂ ಒಂದೇ ಎಂದು ಎಣಿಸಿದ್ದರಿಂದ ಕಸುಬಿನ ಬೆಲೆ ಇಳಿಯಿತು. ಜೊತೆಗೆ ದುರಸ್ತಿಯು ಕೆರೆಯ ಅವಶ್ಯಕತೆಯನ್ನು ಬಿಟ್ಟು ಕೂಲಿಯ ಅವಶ್ಯಕತೆಯನ್ನು ಅನುಸರಿಸತೊಡಗಿತು.

೫. ಹೊಲದ ಒಡ್ಡುಗಳು

ಇಪ್ಪತ್ತನೆಯ ಶತಮಾನದಲ್ಲಿ ದೃಷ್ಟಿ ಕೆರೆಯಿಂದ ಹೊಲದ ಕಡೆಗೆ ಹೊರಳಿತು. ಕೆರೆ ತುಂಬುವ ಹೂಳು ಬರುವುದು ಮೇಲಿನ ಹೊಲಗಳಿಂದ. ಹೊಲದ ಮಣ್ಣನ್ನು ಹೊಲದಲ್ಲಿಯೇ ನಿಲ್ಲಿಸಿದರೆ ಎರಡಕ್ಕೂ ಹಿತ. ಅಮೆರಿಕೆಯಲ್ಲಿ ಧೂಳಿನ ಬಿರುಗಾಳಿಗಳು ಎದ್ದು, ೧೯೩೫ರಲ್ಲಿ ಮಣ್ಣಿನ ರಕ್ಷಣೆಗಾಗಿ ಪ್ರತ್ಯೇಕ ಕಾಯಿದೆಯೂ ಇಲಾಖೆಯೂ ಆದ ಕಾಲವದು. ಅದೇ ದಶಕದಲ್ಲಿ ಸೋಲಾಪುರ, ವಿಜಾಪುರಗಳ ಒಣಬೇಸಾಯದ ಸಂಶೋಧನ ಕೇಂದ್ರಗಳು ಸಮಪಾತಳಿಯ ಒಡ್ಡುಗಳನ್ನು ಕುರಿತು ಪ್ರಯೋಗ ನಡೆಸಿದವು. ೧೯೪೨ರಲ್ಲಿ ಮುಂಬಯಿ ಭೂಸುಧಾರಣಾ ಯೋಜನೆಗಳ ಕಾಯಿದೆ ಜಾರಿಗೆ ಬಂದಿತು. ಒಂದು ಸೀಮೆಯ ಹೊಲಗಳಿಗೆಲ್ಲ ಒಟ್ಟಾಗಿ ಯೋಜನೆ ತಯಾರಿಸಿ, ಒಡೆಯರ ತಕರಾರುಗಳನ್ನು ಕೇಳಿ, ಒಡ್ಡು ಹಾಕಿಸಿ, ವೆಚ್ಚವನ್ನು ಹೊಲದೊಡೆಯರಿಂದ ವಸೂಲು ಮಾಡುವುದು ಅದರ ಸ್ವರೂಪ. ಮೈಸೂರು ರಾಜ್ಯವು ಏಕೀಕರಣದ ನಂತರ ೧೯೬೧ರಲ್ಲಿ ಇದೇ ಉದ್ದೇಶದ ಭೂಸುಧಾರಣಾ ಕಾಯಿದೆಯನ್ನು ಮಾಡಿತು. ಸವಣೂರು ಸಂಸ್ಥಾನದ ಹಳ್ಳಿಗಳು ಈ ಬಗೆಯ ಶಾಸನಕ್ಕೆ ಒಳಪಟ್ಟದ್ದು ವಿಲೀನದ ಬಳಿಕವೇ.

ಈ ನೀತಿಯಿಂದ ಮಣ್ಣೊಡ್ಡರಿಗೆ ಹೊಸ ಕೆಲಸ ದೊರೆಯಿತೆಂಬುದು ನಿಜ. ಬೇಸಗೆಯ ತಿಂಗಳುಗಳಲ್ಲಿ ಹೊಲದಿಂದ ಹೊಲಕ್ಕೆ ಸಾಗುವ ಒಡ್ಡಿನ ಕೆಲಸವು ಕೆರೆಯ ಕೆಲಸಕ್ಕಿಂತ ವಿಸ್ತಾರವಾದುದು. ಆದರೆ ಅಳತೆಯ ದೋಷ ಇಲ್ಲಿಯೂ ತಪ್ಪಲಿಲ್ಲ. ಕೆಮ್ಮಣ್ಣಿನ ಹೊಲದಲ್ಲಿ ಸಮಪಾತಳಿಯ ಒಡ್ಡು ಚೆನ್ನಾಗಿ ನಿಲ್ಲುತ್ತದೆ. ಆಳವಾದ ಎರೆನೆಲದಲ್ಲಿ ಅದರ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ. ಬೇಸಗೆಯಲ್ಲಿ ಬಿರುಕುಬಿಟ್ಟ ಒಡ್ಡು ಮೊದಲ ಜೋರು ಮಳೆಗೆ ಒಡೆಯುತ್ತದೆ. ಅಲ್ಲಿಗೆ ಸ್ವಲ್ಪ ಇಳಿಜಾರಿನ ಒಡ್ಡು ಬೇಕು, ಹೆಚ್ಚಿನ ನೀರು ಹೋಗುವುದಕ್ಕೆ ಕಲ್ಲಿನ ದಾರಿ ಬೇಕು. ಹಾನಗಲ್ಲಿನ ಕೆಂಪು ನೆಲಕ್ಕೂ ಸವಣೂರಿನ ಎರೆಗೂ ಒಂದೇ ನಕ್ಷೆ ಹೊಂದದೆಂಬುದು ಅನುಭವದಿಂದ ತಿಳಿಯಬೇಕಾಯಿತು. ಇನ್ನು, ಒಡ್ಡು ಹಾಕುವ ಕೂಲಿ ಇಲಾಖೆಯದು, ಮುಂದಿನ ದುರಸ್ತಿ ಹೊಲದೊಡೆಯನದು. ತಾನು ಕೇಳದ ಒಡ್ಡನ್ನು, ತನ್ನ ಸಾಲದ ಲೆಕ್ಕಕ್ಕೆ ಹತ್ತಿದ ಒಡ್ಡನ್ನು, ಒಡೆಯನು ಉತ್ಸಾಹದಿಂದ ಕಾಯುವುದು ಕಷ್ಟ.

೬. ಗುತ್ತಿಗೆದಾರನನ್ನು ಹೊರಗಿಟ್ಟ ನೀತಿ

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಒಂದು ಹೊಸ ಪ್ರಯೋಗ ನಡೆಯಿತು. ಜಲಾನಯನ ಅಭಿವೃದ್ಧಿಗಾಗಿ ವಿಶ್ವಬ್ಯಾಂಕಿನ ನೆರವಿನಿಂದ ೨೦೦೧ರಲ್ಲಿ ಆರಂಭವಾದ ಸುಜಲ ಯೋಜನೆಯ ಐದು ಜಿಲ್ಲೆಗಳಲ್ಲಿ ಹಾವೇರಿಯೂ ಒಂದು. ೨೦೦೨ರಲ್ಲಿ ಮಂಜೂರಾಗಿ ಜಲ ಸಂವರ್ಧನೆ ಯೋಜನಾ ಸಂಘದ ಮೂಲಕ ನಡೆದ ಸಮುದಾಯ ಆಧಾರಿತ ಕೆರೆ ಅಭಿವೃದ್ಧಿ ಯೋಜನೆಯಲ್ಲಿಯೂ ಹಾವೇರಿ ಸೇರಿತ್ತು. ಕೆರೆ ಬಳಕೆದಾರರ ಸಂಘವೊಂದನ್ನು ಊರಿನಲ್ಲಿ ಸ್ಥಾಪಿಸಿ, ವೆಚ್ಚದ ಒಂದು ಪಾಲನ್ನು ಊರಿನವರಿಂದಲೇ ಪಡೆದು, ಕೆಲಸವನ್ನು ಆ ಸಂಘಕ್ಕೆ ಒಪ್ಪಿಸುವುದು ಈ ಯೋಜನೆಯ ಕ್ರಮ. ತೆಗೆದ ಗೋಡುಮಣ್ಣನ್ನು ರೈತರು ತಮ್ಮ ಹೊಲಗಳಿಗೆ ಹೊಡೆದುಕೊಳ್ಳುವ ಹಳೆಯ ವಾಡಿಕೆಗೆ ಇಲ್ಲಿ ಮನ್ನಣೆ ದೊರೆಯಿತು. ಯೋಜನೆಯು ೨೦೧೨ರಲ್ಲಿ ಮುಗಿಯಿತು.

ಇದರ ಜೊತೆಯಲ್ಲಿಯೇ ೨೦೦೫ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಅಧಿನಿಯಮವು ಹಾವೇರಿ ಜಿಲ್ಲೆಗೆ ೨೦೦೮ರ ಏಪ್ರಿಲ್ ೧ರಿಂದ ಅನ್ವಯಿಸಿತು. ಜಲಸಂರಕ್ಷಣೆಗೂ ಹಳೆಯ ಕೆರೆಗಳ ಹೂಳೆತ್ತುವಿಕೆಗೂ ಆ ಅಧಿನಿಯಮದ ಕೆಲಸಗಳ ಪಟ್ಟಿಯಲ್ಲಿ ಪ್ರಾಶಸ್ತ್ಯವಿತ್ತು. ಗುತ್ತಿಗೆದಾರರನ್ನು ನೇಮಿಸಕೂಡದು, ಕೂಲಿಯವರನ್ನು ಹೊರದೂಡುವ ಯಂತ್ರಗಳನ್ನು ಸಾಧ್ಯವಾದಷ್ಟು ಬಳಸಕೂಡದು, ವೆಚ್ಚದಲ್ಲಿ ನೂರಕ್ಕೆ ಅರವತ್ತಕ್ಕೆ ಕಡಿಮೆಯಿಲ್ಲದ ಪಾಲು ಕೂಲಿಗೆ ಹೋಗತಕ್ಕದ್ದು ಎಂದು ಅದು ವಿಧಿಸಿತು. ಹೆಂಗಸಿಗೂ ಗಂಡಸಿಗೂ ಸಮಾನ ಕೂಲಿ ಎಂಬುದು ಈ ಸೀಮೆಯ ಮಣ್ಣಿನ ಕೆಲಸದ ಚರಿತ್ರೆಯಲ್ಲಿ ಸಣ್ಣ ಮಾತಲ್ಲ.

ಈ ಎರಡು ನೀತಿಗಳೂ ಮಧ್ಯವರ್ತಿಯ ಲಾಭವನ್ನು ತಪ್ಪಿಸಲು ಹೊರಟವು. ಸಂಘವು ದತ್ತಿಯ ಕಾಲದ ತತ್ತ್ವಕ್ಕೆ ಸಮೀಪವಾಗಿತ್ತು, ಏಕೆಂದರೆ ನೀರನ್ನು ಬಳಸುವವನೇ ಕೆಲಸವನ್ನು ಮಾಡಿಸುವವನು. ಉದ್ಯೋಗ ಖಾತ್ರಿಯು ಕ್ಷಾಮ ಸಂಹಿತೆಯ ತತ್ತ್ವಕ್ಕೆ ಸಮೀಪವಾಗಿತ್ತು, ಆದರೆ ಬೇಡುವವನ ಸ್ಥಾನದಲ್ಲಿ ಹಕ್ಕುದಾರನನ್ನು ನಿಲ್ಲಿಸಿತು. ಇದು ದೊಡ್ಡ ಭೇದ. ಆದರೂ ಎರಡರಲ್ಲಿಯೂ ಒಂದು ಕೊರತೆ ಉಳಿಯಿತು. ಸಂಘದ ಬಲವು ಯೋಜನೆಯ ಹಣ ಇರುವಷ್ಟು ಕಾಲ ಸುಲಭವಾಗಿ ನಿಂತಿತು. ಹಣ ಮುಗಿದ ಮೇಲೆ ತೂಬಿನ ಕೆಸರನ್ನು ತೆಗೆಯುವವನಿಗೆ ಸಂಬಳ ಎಲ್ಲಿಂದ ಎಂಬ ಪ್ರಶ್ನೆ ಸಂಘದ ಮುಂದೆಯೂ ಬಂದು ನಿಂತಿತು. ಉದ್ಯೋಗ ಖಾತ್ರಿಯಲ್ಲಿ ಅಳೆದದ್ದು ಘನ ಮೀಟರನ್ನು. ಬ್ರಾಸು ಹೋಗಿ ಘನ ಮೀಟರು ಬಂದಿತೆಂಬುದನ್ನು ಬಿಟ್ಟರೆ ಅಳತೆಯ ಮನೋಧರ್ಮ ಬದಲಾಗಲಿಲ್ಲ. ತಲೆಮಾರುಗಳಿಂದ ಮಣ್ಣಿನ ಕೆಲಸವನ್ನೇ ಕಸುಬಾಗಿಸಿಕೊಂಡ ತಂಡಕ್ಕೆ ತಂಡವೆಂಬ ಸ್ಥಾನ ಇಲ್ಲಿರಲಿಲ್ಲ. ಅದರ ಜನರು ಬೇರೆ ಬೇರೆ ಕುಟುಂಬಗಳಾಗಿ ಮಾತ್ರ ಕೆಲಸ ಕೇಳಬಹುದಾಗಿತ್ತು.

೭. ಟೆಂಡರು, ಯಂತ್ರ, ಪರಿಸರದ ಅನುಮತಿ

ಇದೇ ಕಾಲದಲ್ಲಿ ಇನ್ನೊಂದು ದಾರಿಯಿಂದ ಗುತ್ತಿಗೆದಾರನ ಪಾತ್ರ ಹಿಂದೆಂದಿಗಿಂತಲೂ ದೊಡ್ಡದಾಯಿತು. ಕರ್ನಾಟಕದಲ್ಲಿ ನಲವತ್ತು ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತಿಗಳ ವಶದಲ್ಲಿಯೂ ಅದಕ್ಕೆ ಮೇಲ್ಪಟ್ಟು ಎರಡು ಸಾವಿರ ಹೆಕ್ಟೇರುಗಳವರೆಗಿನವು ಸಣ್ಣ ನೀರಾವರಿ ಇಲಾಖೆಯ ವಶದಲ್ಲಿಯೂ ಇವೆ. ಇಲಾಖೆಯ ಕೆಲಸವು ೧೯೯೯ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮದಂತೆ ಟೆಂಡರಿನ ಮೂಲಕ ನಡೆಯಬೇಕು. ಟೆಂಡರಿಗೆ ಠೇವಣಿ ಬೇಕು, ಹಿಂದಿನ ಕೆಲಸದ ಪ್ರಮಾಣಪತ್ರ ಬೇಕು, ಯಂತ್ರಗಳು ಬೇಕು. ಇವೆಲ್ಲ ಇರುವವನು ಗುತ್ತಿಗೆದಾರ. ಸಲಿಕೆ ಮಾತ್ರ ಇರುವವನು ಅವನ ಕೂಲಿ. ಈ ಅಂತರವನ್ನು ಕಡಿಮೆ ಮಾಡುವುದಕ್ಕಾಗಿ ಐವತ್ತು ಲಕ್ಷ ರೂಪಾಯಿಗಳವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಗುತ್ತಿಗೆದಾರರಿಗೆ ಮೀಸಲಾತಿಯನ್ನು ತಿದ್ದುಪಡಿಯ ಮೂಲಕ ತರಲಾಯಿತು. ೨೦೨೩ರಲ್ಲಿ ಮಿತಿಯನ್ನು ಒಂದು ಕೋಟಿಗೆ ಏರಿಸಲಾಯಿತು. ಕರ್ನಾಟಕದಲ್ಲಿ ಭೋವಿ ಎಂಬ ಹೆಸರಿನಿಂದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿರುವ ಒಡ್ಡರಿಗೆ ಇದರಿಂದ ದಾರಿ ತೆರೆದಿದೆ. ತಲೆತಲಾಂತರದಿಂದ ಕೆರೆಯನ್ನು ಕಟ್ಟಿದವರ ಮಕ್ಕಳು ಕೆರೆಯ ಗುತ್ತಿಗೆಯನ್ನು ತಮ್ಮ ಹೆಸರಿನಲ್ಲಿ ಹಿಡಿಯುವುದು ಚರಿತ್ರೆಯ ದೃಷ್ಟಿಯಿಂದ ಮಹತ್ವದ ಸಂಗತಿ.

ಯಂತ್ರದ ಪ್ರಭಾವವನ್ನು ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ೨೦೧೪ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಕೃಷಿಹೊಂಡಗಳನ್ನು ಜೆಸಿಬಿ ಯಂತ್ರಗಳು ಬೇಗನೆ ತೋಡಿ ಮುಗಿಸುತ್ತಿದ್ದವು. ವರದೆಯ ನೀರನ್ನು ಎತ್ತಿ ಕೆರೆಗಳಿಗೆ ತುಂಬುವ ಶಿಗ್ಗಾಂವಿ, ಹಾನಗಲ್ಲು ಕಡೆಯ ಏತ ನೀರಾವರಿ ಯೋಜನೆಗಳಲ್ಲಿ ಹಣ ಹರಿಯುವುದು ಕೊಳವೆಗೂ ವಿದ್ಯುತ್ ಮೋಟಾರಿಗೂ. ಮಳೆಯ ನೀರು ಹಳ್ಳದ ಮೂಲಕ ಕೆರೆಗೆ ಬರುವ ದಾರಿಯನ್ನು ಬಿಡಿಸುವುದಕ್ಕಿಂತ ನದಿಯ ನೀರನ್ನು ಕೊಳವೆಯಲ್ಲಿ ತರುವುದಕ್ಕೆ ಅಂದಾಜುಪಟ್ಟಿ ಮಾಡುವುದು ಸುಲಭ.

ಪರಿಸರದ ಕಾನೂನು ಈ ಕೆಲಸದ ಮೇಲೆ ನೇರವಾಗಿ ಬಂದದ್ದು ೨೦೧೨ರ ಫೆಬ್ರುವರಿ ೨೭ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ. ದೀಪಕ್ ಕುಮಾರ್ ಪ್ರಕರಣದ ಆ ತೀರ್ಪು, ಐದು ಹೆಕ್ಟೇರಿಗಿಂತ ಕಡಿಮೆ ಇರುವ ಮರಳು ಮುಂತಾದ ಉಪಖನಿಜಗಳ ಗುತ್ತಿಗೆಗೂ ಪರಿಸರ ಅನುಮತಿ ಅವಶ್ಯವೆಂದು ವಿಧಿಸಿತು. ಹೊಳೆಯ ದಂಡೆ ಕುಸಿಯುವುದನ್ನು ತಡೆಯಲು ಇದು ಅಗತ್ಯವಾದ ಕ್ರಮವೇ. ೨೦೧೬ರ ಜನವರಿ ೧೫ರ ಕೇಂದ್ರದ ಅಧಿಸೂಚನೆಯು ಊರಿನ ಕೆರೆಕುಂಟೆಗಳ ಹೂಳೆತ್ತುವಿಕೆ, ಜಲಾಶಯ ಕಾಲುವೆಗಳ ನಿರ್ವಹಣೆಯ ಹೂಳೆತ್ತುವಿಕೆ, ನೆರೆ ಇಳಿದ ಮೇಲೆ ರೈತರು ಹೊಲದ ಮರಳನ್ನು ತೆಗೆಯುವುದು ಮುಂತಾದವುಗಳಿಗೆ ಈ ಅನುಮತಿಯಿಂದ ವಿನಾಯಿತಿ ಕೊಟ್ಟಿತು. ರಸ್ತೆಯಂತಹ ಉದ್ದನೆಯ ಕಾಮಗಾರಿಗಳಿಗೆ ಸಾಧಾರಣ ಮಣ್ಣನ್ನು ತೆಗೆಯಲು ೨೦೨೦ರಲ್ಲಿ ಕೊಟ್ಟ ಇನ್ನೊಂದು ವಿನಾಯಿತಿಯನ್ನು ಸರ್ವೋಚ್ಚ ನ್ಯಾಯಾಲಯವು ೨೦೨೪ರ ಮಾರ್ಚಿಯಲ್ಲಿ ರದ್ದುಪಡಿಸಿತು. ಪುಣೆ–ಬೆಂಗಳೂರು ಹೆದ್ದಾರಿಯು ಶಿಗ್ಗಾಂವಿ, ಬಂಕಾಪುರಗಳ ಬಳಿಯಲ್ಲಿಯೇ ಹಾದುಹೋಗುವುದರಿಂದ ಈ ಸೂಕ್ಷ್ಮಗಳು ಇಲ್ಲಿಯ ಗುತ್ತಿಗೆದಾರನಿಗೆ ದೂರದವುಗಳಲ್ಲ. ಒಂದೇ ಬುಟ್ಟಿಯ ಮಣ್ಣು ಹೂಳೆಂದರೆ ಒಂದು ನಿಯಮ, ಮರಳೆಂದರೆ ಇನ್ನೊಂದು, ರಸ್ತೆಯ ಮಣ್ಣೆಂದರೆ ಮತ್ತೊಂದು. ಕೆಲಸದ ಲಾಭನಷ್ಟಗಳು ಮಣ್ಣಿನ ಗುಣಕ್ಕಿಂತ ಅದರ ಹೆಸರನ್ನು ಅವಲಂಬಿಸುತ್ತವೆ. ಇದಲ್ಲದೆ ೨೦೧೪ರ ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಅಧಿನಿಯಮವು ಒತ್ತುವರಿಯನ್ನು ತೆರವುಗೊಳಿಸುವ ಅಧಿಕಾರವನ್ನು ಕೊಟ್ಟಿದೆ.

೨೦೧೯ರ ಆಗಸ್ಟಿನಲ್ಲಿ ವರದೆ ಉಕ್ಕಿ ಈ ಸೀಮೆಯ ಹೊಲಮನೆಗಳಿಗೆ ನೀರು ನುಗ್ಗಿತು. ನೈಸರ್ಗಿಕ ವಿಪತ್ತಿನ ಸಮಯದಲ್ಲಿ ಟೆಂಡರಿನ ನಿಯಮಕ್ಕೂ ವಿನಾಯಿತಿ ಉಂಟು. ೧೮೭೯ರ ಕಾಯಿದೆಯಂತೆ ಇಂದಿನ ಕಾಯಿದೆಯಲ್ಲಿಯೂ ಒಡೆದ ಏರಿಗೆ ದಾರಿ ಬೇಗನೆ ತೆರೆಯುತ್ತದೆ. ಒಡೆಯದ ಏರಿಗೆ ದಾರಿ ಇನ್ನೂ ಕಿರಿದು.

೮. ಉಪಸಂಹಾರ

ಅನ್ಯದೇಶದ ಒಂದು ನಿದರ್ಶನದೊಡನೆ ಹೋಲಿಸಿ ಈ ಪರಿಶೀಲನೆಯನ್ನು ಮುಗಿಸಬಹುದು. ಅಮೆರಿಕೆಯ ೧೯೭೨ರ ಶುದ್ಧ ಜಲ ಕಾಯಿದೆಯ ಪ್ರಕಾರ ಹೊಳೆ ಜೌಗುಗಳನ್ನು ಕೆಡಿಸುವ ಕಾಮಗಾರಿಗೆ ಪರವಾನಗಿ ಬೇಕು. ತಪ್ಪಿಸಲಾಗದ ಹಾನಿಗೆ ಪ್ರತಿಯಾಗಿ ಬೇರೊಂದು ಕಡೆ ಹೊಳೆಯನ್ನೋ ಜೌಗನ್ನೋ ಸರಿಪಡಿಸಿಕೊಡಬೇಕು. ೨೦೦೮ರಲ್ಲಿ ಬಂದ ನಿಯಮವು ಹೀಗೆ ಸರಿಪಡಿಸಿದ ಸ್ಥಳವನ್ನು ಐದು ವರ್ಷಕ್ಕೆ ಕಡಿಮೆಯಿಲ್ಲದೆ ಗಮನಿಸಬೇಕೆಂದೂ, ನಿಗದಿಯಾದ ಗುಣಮಟ್ಟ ಕಂಡುಬಂದಂತೆಲ್ಲ ಹಂತಹಂತವಾಗಿ ಮಾತ್ರ ಅದರ ಪ್ರತಿಫಲ ಬಿಡುಗಡೆಯಾಗಬೇಕೆಂದೂ ವಿಧಿಸಿತು. ಇದರಿಂದ ಹೊಳೆಗಳನ್ನು ದುರಸ್ತಿ ಮಾಡುವ ಕಸುಬೇ ಅಲ್ಲಿ ಒಂದು ಉದ್ಯಮವಾಗಿ ಬೆಳೆಯಿತು. ಆ ಪದ್ಧತಿಗೂ ದೋಷಗಳುಂಟು: ಒಂದು ಊರಿನ ಹೊಳೆ ಕೆಟ್ಟು ಇನ್ನೊಂದು ಊರಿನ ಹೊಳೆ ಸರಿಹೋದರೆ ಮೊದಲ ಊರಿಗೆ ಏನು ಲಾಭ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೂ ಅಗೆದ ಮಣ್ಣಿಗೆ ಬದಲಾಗಿ ಉಳಿದ ಫಲವನ್ನು ಅಳೆಯುವ ಯತ್ನ ಅದರಲ್ಲಿದೆ. ನಮ್ಮ ಕಾಮಗಾರಿಗಳ ಕರಾರಿನಲ್ಲಿ ದೋಷ ಸರಿಪಡಿಸುವ ಅವಧಿ ಎಂಬ ಮಾತು ಇದೆ. ಅದು ಕಟ್ಟಡಕ್ಕೆ ಒಪ್ಪುವ ಮಾತು. ಹಲವು ಮಳೆಗಾಲಗಳನ್ನು ಕಂಡ ಮೇಲೆಯೇ ಗುಣದೋಷಗಳು ತಿಳಿಯುವ ಕೆರೆಗೆ ಅದು ಸಾಲದು.

ಬಿತ್ತುವಟ್ಟದ ತತ್ತ್ವವೂ ಇದೇ ಆಗಿತ್ತೆಂಬುದನ್ನು ನೆನೆಯಬೇಕು. ಅದರ ಸಾಮಾಜಿಕ ಅಸಮಾನತೆಯನ್ನು ಮತ್ತೆ ತರಬೇಕಾಗಿಲ್ಲ, ತರಲೂಬಾರದು. ಆದರೆ ಕಾಯುವವನಿಗೆ ಕೂಲಿ ಎಂಬ ಅದರ ಒಳತಿರುಳನ್ನು ಇಂದಿನ ಸಮಾನತೆಯ ಕರಾರಿನಲ್ಲಿ ತರುವುದು ಅಸಾಧ್ಯವೇನಲ್ಲ. ಹೂಳೆತ್ತುವ ಗುತ್ತಿಗೆಯ ಮೊತ್ತದಲ್ಲಿ ಒಂದು ಭಾಗವನ್ನು ಮುಂದಿನ ಐದು ಮಳೆಗಾಲಗಳ ಕಾವಲಿಗೆ ಮೀಸಲಿಟ್ಟು, ಅದನ್ನು ಊರಿನ ಸಂಘದ ಅಥವಾ ಕಸುಬು ಬಲ್ಲ ತಂಡದ ಕೈಗೆ ವರ್ಷವರ್ಷವೂ ಕೊಡುವುದಾದರೆ, ಗುತ್ತಿಗೆದಾರನ ಕೆಲಸವೂ ಉಳಿಯುತ್ತದೆ, ಕೆರೆಯೂ ಉಳಿಯುತ್ತದೆ.

ಶಾಸನದ ದತ್ತಿ, ಇಲಾಖೆಯ ಬ್ರಾಸು, ಬರಗಾಲದ ಕೂಲಿ, ಹೊಲದ ಒಡ್ಡು, ಊರಿನ ಸಂಘ, ಇಂದಿನ ಟೆಂಡರು: ಈ ಸೀಮೆಯ ನೆಲವು ಇವೆಲ್ಲವನ್ನೂ ಕಂಡಿದೆ. ಪ್ರತಿಯೊಂದು ನೀತಿಯೂ ತನಗೆ ಬೇಕಾದ ಕೆಲಸಗಾರನನ್ನು ತಾನೇ ಸೃಷ್ಟಿಸಿಕೊಂಡಿತು. ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನ ಕೆರೆಯ ಏರಿಯ ಮೇಲೆ ಒಂದು ಸಲ ನಡೆದು, ಅದರ ಶಾಸನವನ್ನೂ ಅದರ ಅಂದಾಜುಪಟ್ಟಿಯನ್ನೂ ಜೊತೆಯಲ್ಲಿಟ್ಟು ಓದಿದರೆ, ಅರಸರ ಚರಿತ್ರೆಯಷ್ಟೇ ಬೆಲೆಯುಳ್ಳ ಇನ್ನೊಂದು ಚರಿತ್ರೆ ಅವರ ಕೈಗೆ ದೊರೆಯುವುದರಲ್ಲಿ ಸಂದೇಹವಿಲ್ಲ.